ನೀರು ಯಾರು ಹುಯ್ಯೋರು? – ಕೇರಿಯ ಹಿರಿಯರ ಬಾಲ್ಯವನ್ನು ದಾಖಲಿಸುವ ಕೆಲಸ

"ಚಿಕ್ಕವರಿದ್ದಾಗ ಜಾತಿ ತಾರತಮ್ಯ ಇತ್ತಾ?" ಎಂದು ಕೇಳಿದರೆ ಎಪ್ಪತ್ತು ದಾಟಿದ ಹಿರಿಯರಿಂದ ಸಾಮಾನ್ಯವಾಗಿ ಬರುವ ಉತ್ತರ, "ಹಂಗೇನ್ ಇರ್ಲಿಲ್ಲ ಬುಡಿ, ಎಲ್ಲಾ ಚೆನ್ನಾಗೇ ಇದ್ವಿ." ದಿನಾ ನಡೆಯುತ್ತಿದ್ದದ್ದಕ್ಕೆ ಅವರು ಅಂಥ ಹೆಸರು ಇಟ್ಟಿರಲಿಲ್ಲ. ಕೇಳುತ್ತಿರುವವರು ಯಾರ ಕಡೆಯವರು, ಈ ಮಾತು ಯಾರ ಜಗಲಿಗೆ ಹೋಗಿ ಮುಟ್ಟೀತು ಎಂಬ ಲೆಕ್ಕವೂ ಒಳಗೇ ನಡೆದಿರುತ್ತದೆ. ಅವರನ್ನೇ "ಇಸ್ಕೂಲಲ್ಲಿ ಬಾಯಾರಿದ್ರೆ ನೀರು ಯಾರು ಹುಯ್ಯೋರು? ಬೊಗಸೆಗಾ, ಲೋಟಕ್ಕಾ?" ಎಂದು ಕೇಳಿ ನೋಡಿ. ಕೈ ತಾನಾಗಿ ಬೊಗಸೆಯಾಗುತ್ತದೆ, ಮಾತು ಶುರುವಾಗುತ್ತದೆ.

ಹಳೇ ಮೈಸೂರು ಕಡೆಯ ಹಳ್ಳಿಗಳಲ್ಲಿ ದಲಿತ ಕೇರಿಯ ಹಿರಿಯರ ಬಾಲ್ಯದ ನೆನಪುಗಳನ್ನು ಧ್ವನಿಯಲ್ಲಿ ಹಿಡಿದಿಡುವ ಕೆಲಸಕ್ಕೆ ನಾನು ಬಳಸುವ ಕ್ರಮ ಇದು. ಪ್ರಶ್ನೆಗಳೆಲ್ಲ ವಸ್ತು, ಕೈ, ದೂರ ಇವುಗಳ ಮೇಲೆ ನಿಲ್ಲಬೇಕು. "ಆಗ ಮನಸ್ಸಿಗೆ ಏನನ್ನಿಸಿತು?" ಎಂದು ನಾನು ಕೇಳುವುದಿಲ್ಲ. ಹೇಳಬೇಕೆನ್ನಿಸಿದವರು ಕೇಳದೆಯೇ ಹೇಳುತ್ತಾರೆ. ಒತ್ತಾಯಿಸಿ ಕೇಳಿದರೆ ಸಿಗುವುದು ಭಾಷಣ.

ಶಾಲೆಯ ಪ್ರಶ್ನೆಗಳನ್ನು ಬಾಗಿಲಿನಿಂದ ಶುರುಮಾಡುತ್ತೇನೆ. ಕೂರುತ್ತಿದ್ದದ್ದು ಒಳಗೋ, ಹೊಸ್ತಿಲ ಹತ್ತಿರವೋ, ಜಗಲಿಯ ಮೇಲೋ? ಕೆಳಗೆ ಹಾಸಿಕೊಳ್ಳುವ ಗೋಣಿಚೀಲ ಶಾಲೆಯದೋ ಮನೆಯದೋ? ಸಂಜೆ ಅದನ್ನು ಎಲ್ಲಿ ಇಡುತ್ತಿದ್ದರು? ಸ್ಲೇಟು ತೋರಿಸುವಾಗ ಮೇಷ್ಟ್ರ ಕೈಗೆ ಕೊಡುತ್ತಿದ್ದರೋ, ನೆಲಕ್ಕಿಟ್ಟು ಹಿಂದೆ ಸರಿಯುತ್ತಿದ್ದರೋ? ತಪ್ಪು ತಿದ್ದುತ್ತಿದ್ದವರು ಯಾರು? ಹೊಡೆಯುವಾಗ ಬೆತ್ತ ಮೇಷ್ಟ್ರ ಕೈಯಲ್ಲೇ ಇರುತ್ತಿತ್ತೋ, ಎಸೆಯುತ್ತಿದ್ದರೋ? ಈ ಕೊನೆಯ ಪ್ರಶ್ನೆಗೆ ಕೆಲವರು ನಗುತ್ತಾರೆ. ನಕ್ಕರೆ ನಾನು ನಗದೆ ಕಾಯುತ್ತೇನೆ. ನಗುವಿನ ಹಿಂದಿನ ಮಾತು ಬರಲು ಹತ್ತು ಸೆಕೆಂಡಾದರೂ ಬೇಕು, ಆ ಮೌನವನ್ನು ಇನ್ನೊಂದು ಪ್ರಶ್ನೆಯಿಂದ ತುಂಬಿದರೆ ಅದು ಹೋಯಿತೆಂದೇ ಲೆಕ್ಕ.

ಅರವತ್ತು, ಎಪ್ಪತ್ತರ ದಶಕದಲ್ಲಿ ಓದಿದವರಾದರೆ ಅಮೆರಿಕದ ಕೇರ್ ಎಂಬ ನೆರವು ಸಂಸ್ಥೆ ಶಾಲೆಗಳಿಗೆ ಕೊಡುತ್ತಿದ್ದ ಹಾಲಿನ ಪುಡಿ, ಉಪ್ಪಿಟ್ಟಿನ ಮಾತು ತೆಗೆಯಬೇಕು. ಅದು ಎಲ್ಲರಿಗೂ ಇಷ್ಟದ ನೆನಪು, ಆ ರುಚಿಯ ವರ್ಣನೆಗೇ ಹತ್ತು ನಿಮಿಷ ಹೋಗುತ್ತದೆ, ಹೋಗಲಿ. ಆಮೇಲೆ ಮೆಲ್ಲಗೆ: ಬಡಿಸುತ್ತಿದ್ದವರು ಯಾರು, ಸಾಲು ಒಂದೋ ಎರಡೋ, ಸೌಟು ತಟ್ಟೆಗೆ ತಾಕುತ್ತಿತ್ತೋ ಮೇಲಿಂದ ಬೀಳುತ್ತಿತ್ತೋ, ತೊಳೆದ ತಟ್ಟೆ ಎಲ್ಲಿ ಕವುಚುತ್ತಿದ್ದರು.

ಹೆಣ್ಣುಮಕ್ಕಳಿಗೆ ಇದೇ ಪಟ್ಟಿ ನಡೆಯುವುದಿಲ್ಲ. ಆ ವಯಸ್ಸಿನ ಹೆಂಗಸರಲ್ಲಿ ಬಹಳ ಮಂದಿ ಶಾಲೆಯ ಮುಖ ನೋಡಿದ್ದೇ ಕಡಿಮೆ. ಅವರ ನೆನಪಿರುವುದು ಗೌಡರ ಮನೆಯ ಕೊಟ್ಟಿಗೆಯಲ್ಲಿ, ಬಾವಿಯ ಕಟ್ಟೆಯ ಕೆಳಗೆ, ಹಬ್ಬದ ಮಾರನೆಯ ದಿನದ ಹಿತ್ತಿಲಲ್ಲಿ. ಸಗಣಿ ಬಾಚಲು ಯಾವ ಬಾಗಿಲಿಂದ ಹೋಗುತ್ತಿದ್ದಿರಿ, ಮುದ್ದೆ ಸೆರಗಿಗೆ ಹಾಕೋರೋ ಎಲೆಗೋ, ಕೊಡ ಹಿಡಿದುಕೊಂಡು ನೀರು ಎತ್ತಿ ಹುಯ್ಯುವವರಿಗಾಗಿ ಎಷ್ಟು ಹೊತ್ತು ಕಾಯಬೇಕಿತ್ತು? "ಎಷ್ಟು ದೂರ ನಿಲ್ಲಬೇಕಿತ್ತು" ಎಂದರೆ ಅವರು ಮೊಳ, ಮಾರಿನ ಲೆಕ್ಕದಲ್ಲಿ ಹೇಳುತ್ತಾರೆ. ಹಾಗೇ ಬರೆದುಕೊಂಡು ಪಕ್ಕದಲ್ಲಿ ಅಡಿಗೆ ತಿರುಗಿಸಿ: ಮೊಳ ಸುಮಾರು ಒಂದೂವರೆ ಅಡಿ, ಮಾರು ಸುಮಾರು ಆರು ಅಡಿ. ನೆನಪು ಮಸುಕಾಗಿದ್ದರೆ ಚಾರ್ಟ್ ಹಾಳೆಯ ಮೇಲೆ ಊರಿನ ನಕ್ಷೆ ಬಿಡಿಸಲು ಕೊಡುತ್ತೇನೆ. ಬಾವಿ, ಶಾಲೆ, ಗುಡಿ, ಹೋಟೆಲು, ಕೇರಿ ಇಷ್ಟು ಗುರುತಾದರೆ ಸಾಕು, "ಇಲ್ಲಿಗಂಟ ಬರಬಹುದಿತ್ತು" ಎಂದು ಬೆರಳೇ ಗೆರೆ ಎಳೆಯುತ್ತದೆ. ಬೆರಳಿನ ಮಾತು ಧ್ವನಿಯಲ್ಲಿ ಸಿಗದು. ಆದ್ದರಿಂದ "ಬಾವಿಯಿಂದ ಹುಣಸೆಮರದವರೆಗೆ ತೋರಿಸುತ್ತಿದ್ದೀರಿ" ಎಂದು ನಾವೇ ಬಾಯಿಬಿಟ್ಟು ಹೇಳಬೇಕು.

ಇನ್ನೊಂದು ಪ್ರಶ್ನೆಯಿದೆ, ಬಹಳ ಜನ ಸಂಗ್ರಹಕಾರರು ಹಾರಿಸುವಂಥದ್ದು: "ನಿಮ್ಮ ಮನೆಯಲ್ಲಿ ಯಾರ ಕೈಯ ನೀರು ಕುಡೀತಿರಲಿಲ್ಲ?" ಕೇರಿ ಕೇರಿಗಳ ನಡುವೆಯೂ ಬಾವಿ ಬೇರೆ, ಊಟದ ಪಂಕ್ತಿ ಬೇರೆ ಇದ್ದ ಊರುಗಳಿವೆ. ಇದನ್ನು ಬಿಟ್ಟ ದಾಖಲೆ ಅರ್ಧ ದಾಖಲೆ. ಆದರೆ ಮೊದಲ ಭೇಟಿಯಲ್ಲಿ ಕೇಳಬಾರದು, ಪಕ್ಕದಲ್ಲಿ ನೆಂಟರಿದ್ದಾಗ ಅಂತೂ ಬೇಡವೇ ಬೇಡ.

ಸಂಬೋಧನೆ ಎಲ್ಲರ ಜೊತೆಗೂ "ನೀವು". ಗೌಡರ ಮನೆಯ ಎಂಟು ವರ್ಷದ ಹುಡುಗನಿಂದಲೂ "ಲೇ, ಬಾರೋ" ಅನ್ನಿಸಿಕೊಂಡು ಬೆಳೆದವರಿಗೆ ಇದು ಸಣ್ಣ ಸಂಗತಿಯಲ್ಲ. ತಾತ, ಅಜ್ಜಿ ಎಂಬ ನಂಟಿನ ಪದ ಅವರು ಒಪ್ಪಿದ ಮೇಲೆ ಬರಲಿ. ಎದುರಿಗೆ ಕುರ್ಚಿ ಹಾಕಿಸಿಕೊಂಡು ಅವರನ್ನು ನೆಲದ ಮೇಲೆ ಕೂರಿಸಿ ಈ ಮಾತು ಕೇಳುವವರೂ ಇದ್ದಾರೆ. ಹಿರಿಯರು ಚಾಪೆಯಲ್ಲಿದ್ದರೆ ನಾವೂ ಚಾಪೆ. ಮನೆಯಲ್ಲಿ ಕೊಟ್ಟ ನೀರನ್ನು ಮೊದಲು ಕುಡಿಯಬೇಕು. ಬ್ಯಾಗಿನ ಬಾಟಲಿ ತೆಗೆದರೆ ಸಂದರ್ಶನ ಅಲ್ಲಿಗೇ ಮುಗಿದಂತೆ.

ಸಮಯ ನಾಟಿ, ಕಟಾವಿನದಲ್ಲದ ಮಧ್ಯಾಹ್ನ. ಕೈಗೊಂದು ಕೆಲಸವಿದ್ದರೆ ಮಾತು ಸಲೀಸು. ಅವರೆಕಾಯಿ ಸುಲಿಯುವುದು ಚೆನ್ನ, ಹುಣಸೆಹಣ್ಣು ಕುಟ್ಟುವುದು ಬೇಡ, ಪ್ರತಿ ಏಟೂ ಮೈಕಿಗೆ ಬಡಿಯುತ್ತದೆ. ಮೈಕು ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಓರೆಯಾಗಿ. ನೇರ ಹಿಡಿದರೆ ಉಸಿರು ಹೊಡೆಯುತ್ತದೆ. ಮೊಬೈಲ್ ಆದರೂ ಸರಿ, ಫ್ಲೈಟ್ ಮೋಡಿನಲ್ಲಿರಲಿ. 48 ಕಿಲೋಹರ್ಟ್ಸ್, 16 ಬಿಟ್, ಮೋನೋ ವೇವ್ ಫೈಲು ಗಂಟೆಗೆ ಸುಮಾರು 345 ಎಂ.ಬಿ. ಹಿಡಿಯುತ್ತದೆ, ಜಾಗ ಮೊದಲೇ ನೋಡಿಕೊಳ್ಳಿ. ಶೀಟಿನ ಮನೆಯಲ್ಲಿ ಮಳೆ ಬಂದರೆ ನಿಲ್ಲಿಸುವುದೇ ಸರಿ, ಆ ಸದ್ದನ್ನು ಆಮೇಲೆ ಯಾವ ಸಾಫ್ಟ್‌ವೇರೂ ಪೂರ್ತಿ ತೆಗೆಯಲಾರದು. ಒಂದು ಕೂರಿಕೆಗೆ ಒಂದು ಗಂಟೆ ಸಾಕು. ಅವರು ಅತ್ತರೆ ಯಂತ್ರದ ಕಡೆ ಕೈ ತೋರಿಸಿ "ನಿಲ್ಲಿಸಲಾ?" ಎಂದು ಕೇಳಿ, ಉತ್ತರ ಅವರದು. ಅತ್ತ ಮೇಲೆ ತಕ್ಷಣ ಎದ್ದು ಹೊರಡಬೇಡಿ. ಹಸು, ಮೊಮ್ಮಕ್ಕಳು, ಮಳೆ ಬೆಳೆ ಎಂದು ಕಾಲು ಗಂಟೆಯಾದರೂ ಇವತ್ತಿನ ಮಾತಿಗೆ ಬಂದು ಮುಗಿಸಬೇಕು.

ಕಾಲ ನಿಗದಿ ಮಾಡುವುದು ತಲೆನೋವಿನ ಕೆಲಸ. ದಾಖಲೆಯ ಹುಟ್ಟಿದ ದಿನ ನಂಬುವಂತಿಲ್ಲ. ಮೇಷ್ಟ್ರು ಅಂದಾಜಿಗೆ ಬರೆದುಕೊಂಡ ಜೂನ್ 1 ಎಷ್ಟೋ ಜನರ ಜನ್ಮದಿನವಾಗಿದೆ. ನಾನು ಊರಿಗೆ ಗೊತ್ತಿರುವ ಗೂಟಗಳಿಗೆ ಕಟ್ಟುತ್ತೇನೆ: 1973ರ ಕೊನೆಯಲ್ಲಿ ಕನ್ನಡ ಸಾಹಿತ್ಯದ ಬಗ್ಗೆ ಸಚಿವ ಬಸವಲಿಂಗಪ್ಪ ಆಡಿದ ಮಾತಿಗೆ ಎದ್ದ ಬೂಸಾ ಗಲಾಟೆ, 1974ರ ಉಳುವವನೇ ಹೊಲದೊಡೆಯ ಕಾನೂನು, 1975ರ ತುರ್ತು ಪರಿಸ್ಥಿತಿ, ಆ ಅಕ್ಟೋಬರಿನಲ್ಲಿ ಜೀತ ರದ್ದು ಮಾಡಿದ ಸುಗ್ರೀವಾಜ್ಞೆ, 1984ರಲ್ಲಿ ಇಂದಿರಾ ಗಾಂಧಿ ತೀರಿಕೊಂಡದ್ದು. "ಜೀತ ಬಿಡಿಸಿದಾಗ ನಿಮಗೆ ಮೀಸೆ ಬಂದಿತ್ತಾ?" ಎಂದರೆ ಹೆಚ್ಚುಕಮ್ಮಿ ವಯಸ್ಸು ಸಿಗುತ್ತದೆ.

ಶಾಲೆಯ ದಾಖಲಾತಿ ಪುಸ್ತಕವನ್ನೂ ನೋಡಬೇಕು. ಅವರದೇ ನಮೂದಿನ ಪ್ರತಿಯನ್ನು ಅವರೇ ಅರ್ಜಿ ಕೊಟ್ಟು ಪಡೆಯಬಹುದು. ಸರ್ಕಾರಿ ಶಾಲೆ ಕೊಡದಿದ್ದರೆ ಮಾಹಿತಿ ಹಕ್ಕು ಕಾಯ್ದೆಯಲ್ಲಿ 10 ರೂಪಾಯಿ ಶುಲ್ಕ, 30 ದಿನದ ಗಡುವು. ಜಾತಿಯ ಕಲಮಿನಲ್ಲಿ ಏನು ಬರೆದಿದೆ ಎಂದು ಗಮನಿಸಿ. ಆದಿ ಕರ್ನಾಟಕ, ಆದಿ ದ್ರಾವಿಡ, ಹರಿಜನ, ಒಂದೇ ಮನೆಯ ಅಣ್ಣ ತಮ್ಮಂದಿರಿಗೆ ಬೇರೆ ಬೇರೆ ಇರಬಹುದು. ಮನೆಯಲ್ಲಿ ಇಟ್ಟ ಹೆಸರೂ ಪುಸ್ತಕದ ಹೆಸರೂ ಒಂದೇ ಇರಬೇಕೆಂದಿಲ್ಲ. ಎಲ್ಲಕ್ಕಿಂತ ಮುಖ್ಯ ಕೊನೆಯ ಕಲಮು, ಶಾಲೆ ಬಿಟ್ಟ ಕಾರಣ. ಪುಸ್ತಕ "ದೀರ್ಘ ಗೈರುಹಾಜರಿ" ಎನ್ನುತ್ತದೆ, ತಾತ "ಮುನ್ನೂರು ರೂಪಾಯಿಗೆ ಜೀತಕ್ಕೆ ಬಿಟ್ರು" ಎನ್ನುತ್ತಾರೆ. ಎರಡನ್ನೂ ಪಕ್ಕಪಕ್ಕ ಬರೆಯಿರಿ, ಒಂದರಿಂದ ಇನ್ನೊಂದನ್ನು ತಿದ್ದಲು ಹೋಗಬೇಡಿ.

ಟಿಪ್ಪಣಿ ಬರೆಯುವಾಗ "ಆ ಕಾಲದಲ್ಲಿ ಕಾನೂನು ಇರಲಿಲ್ಲ" ಎಂಬ ವಾಕ್ಯ ಸುಲಭವಾಗಿ ನುಸುಳುತ್ತದೆ. ಇತ್ತು. ಅಸ್ಪೃಶ್ಯತೆಯನ್ನು ರದ್ದು ಮಾಡಿದ ಸಂವಿಧಾನದ 17ನೇ ವಿಧಿ 1950ರಿಂದ, ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ 1955ರಿಂದ. 1976ರ ತಿದ್ದುಪಡಿಯಲ್ಲಿ ಅದೇ ಕಾಯ್ದೆ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಾಯಿತು. 1962ರಲ್ಲಿ ಮಗುವನ್ನು ಶಾಲೆಯ ಹೊಸ್ತಿಲಾಚೆ ಕೂರಿಸಿದ್ದು ಆ ದಿನದ ಕಾನೂನಿನಲ್ಲೂ ಅಪರಾಧವೇ.

ಒಪ್ಪಿಗೆಯನ್ನು ಎರಡು ಸಲ ತೆಗೆದುಕೊಳ್ಳುತ್ತೇನೆ. ಮೊದಲಿಗೆ ಧ್ವನಿಯಲ್ಲಿ, ಆಮೇಲೆ ಪೂರ್ತಿ ಕೇಳಿಸಿದ ನಂತರ ಕಾಗದದಲ್ಲಿ. ಮೊದಲನೆಯದು ಸೌಜನ್ಯಕ್ಕೆ ಕೊಟ್ಟದ್ದಾಗಿರಬಹುದು. ತಮ್ಮ ಬಾಯಿಂದ ಏನು ಬಂದಿದೆ ಎಂದು ಕೇಳಿಸಿಕೊಂಡ ಮೇಲಿನದೇ ನಿಜವಾದದ್ದು. ಆಯ್ಕೆ ಮೂರು: ಹೆಸರಿನೊಡನೆ, ಹೆಸರು ಬದಲಿಸಿ, ಅಥವಾ ತಾವು ಬದುಕಿರುವವರೆಗೆ ಮುಚ್ಚಿಡುವುದು. ಹೆಸರು ಬದಲಿಸಿದರೆ ಸಾಲದು. ಊರು, ಗೌಡರ ಮನೆಯ ಗುರುತು, ಒಡಹುಟ್ಟಿದವರ ಸಂಖ್ಯೆ ಇಷ್ಟಿದ್ದರೆ ಆ ಭಾಗದವರು ಯಾರೆಂದು ಕ್ಷಣದಲ್ಲಿ ಹೇಳುತ್ತಾರೆ. ಅಂದು ದೂರ ನಿಲ್ಲಿಸಿದವರ ಮೊಮ್ಮಗ ಇಂದು ಪಂಚಾಯಿತಿ ಸದಸ್ಯನಿರಬಹುದು, ಇವರ ಮಗ ಅವನ ತೋಟಕ್ಕೇ ಕೂಲಿಗೆ ಹೋಗುತ್ತಿರಬಹುದು. ಧ್ವನಿಯನ್ನು ಬದಲಿಸುವ ತಂತ್ರ ನನಗೆ ಒಗ್ಗದು, ಅಂಥ ಭಯವಿದ್ದಲ್ಲಿ ಬರಹ ಮಾತ್ರ ಹೊರಗೆ ಬರಲಿ.

18 ತುಂಬದವರ ಮಾತನ್ನು ರೆಕಾರ್ಡ್ ಮಾಡುವುದಿಲ್ಲ. ಆದರೂ ಪಕ್ಕದಲ್ಲಿ ಕೂತ ಮೊಮ್ಮಗಳು "ನಮ್ ಇಸ್ಕೂಲಲ್ಲೂ ನಮ್ ಕೈಲೇ ಕಕ್ಕಸು ತೊಳೆಸ್ತಾರೆ" ಎಂದುಬಿಟ್ಟರೆ ಅದು ನೆನಪಲ್ಲ, ಇಂದಿನ ದೂರು. ಯಂತ್ರ ನಿಲ್ಲಿಸಿ ಪೋಷಕರೊಡನೆ ಮಾತಾಡಿ. ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಸೆಕ್ಷನ್ ಮಗುವಿಗೆ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸಿದೆ. ಮಕ್ಕಳ ಸಹಾಯವಾಣಿ 1098 ಇದೆ. ಜಾತಿಯ ಕಾರಣಕ್ಕೆ ಎಂಬುದು ಸ್ಪಷ್ಟವಾಗಿದ್ದರೆ ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಪೊಲೀಸರಿಗೆ ದೂರು ಕೊಡಬಹುದು, ತನಿಖೆ ಡಿವೈಎಸ್ಪಿ ದರ್ಜೆಗಿಂತ ಕೆಳಗಿನವರ ಕೈಗೆ ಹೋಗುವಂತಿಲ್ಲ. ಲೈಂಗಿಕ ಹಿಂಸೆಯ ಸುಳಿವು ಸಿಕ್ಕರೆ ಪೋಕ್ಸೋ ಕಾಯ್ದೆ ಪ್ರಕಾರ ತಿಳಿಸುವುದು ಕಡ್ಡಾಯ, ಹಾಗಾಗಿ "ಯಾರಿಗೂ ಹೇಳಲ್ಲ" ಎಂದು ಮಗುವಿಗೆ ಮಾತು ಕೊಡಬಾರದು.

ಬರಹಕ್ಕಿಳಿಸುವಾಗ ಒಂದು ಗಂಟೆಯ ಮಾತಿಗೆ ಆರೇಳು ಗಂಟೆ ಹಿಡಿಯುತ್ತದೆ. ಆಡುಮಾತನ್ನು ಶಿಷ್ಟ ಕನ್ನಡಕ್ಕೆ ತಿದ್ದುವುದಿಲ್ಲ. ನಗು, ಮೌನ, ದನಿ ತಗ್ಗಿಸಿದ್ದು ಇವನ್ನು ಕಂಸದಲ್ಲಿ ಗುರುತಿಸುತ್ತೇನೆ. ಬೈಗುಳದ ಜಾತಿಪದವನ್ನು ಅವರೇ ಉಚ್ಚರಿಸಿದ್ದರೆ ಬರಹದಲ್ಲಿ ಉಳಿಸಬೇಕೋ ಚುಕ್ಕಿ ಇಡಬೇಕೋ ಎಂದು ಅವರನ್ನೇ ಕೇಳಬೇಕು. ಫೈಲಿನ ಹೆಸರಿನಲ್ಲಿ ದಿನಾಂಕ ಮತ್ತು ಕ್ರಮಸಂಖ್ಯೆ ಮಾತ್ರ. ಯಾವ ಸಂಖ್ಯೆ ಯಾರದು ಎಂಬ ಪಟ್ಟಿ ಬೇರೆ ಪುಸ್ತಕದಲ್ಲಿ, ಬೇರೆ ಜಾಗದಲ್ಲಿ. ಮೂರು ಪ್ರತಿಗಳಲ್ಲಿ ಒಂದು ಊರಾಚೆ ಇರಲಿ.

ಮನೆಯವರಿಗೆ ಪೆನ್‌ಡ್ರೈವ್ ಕೊಟ್ಟರೆ ಅದು ಗೂಡಿನಲ್ಲಿ ಉಳಿಯುತ್ತದೆ. ಮೊಮ್ಮಕ್ಕಳ ಮೊಬೈಲಿಗೆ ಹಾಕಿಕೊಡುವುದು ಮೇಲು, ಆದರೆ ವಾಟ್ಸಾಪಿನಲ್ಲಿ ಹರಿದಾಡಬಾರದೆಂದು ಅವರೆದುರೇ ಹೇಳಿ, ಮುಚ್ಚಿಡಲು ಹೇಳಿದ ಭಾಗವನ್ನು ಮೊದಲೇ ಕತ್ತರಿಸಿರಬೇಕು. ಒಪ್ಪಿಗೆ ಪತ್ರದಲ್ಲಿ ಇನ್ನೊಂದು ಸಾಲು ಬೇಕು: ತಾವು ತೀರಿಕೊಂಡ ಮೇಲೆ ಈ ಧ್ವನಿಯ ಬಗ್ಗೆ ತೀರ್ಮಾನಿಸುವವರು ಯಾರು. ಹಿರಿಮಗನ ಹೆಸರನ್ನು ನಾವೇ ಅಂದಾಜಿಗೆ ಬರೆಯಬಾರದು. ಎಷ್ಟೋ ತಾತಂದಿರು ಈ ಜಾಗದಲ್ಲಿ ಬರೆಸುವುದು ಓದಿದ ಮೊಮ್ಮಗಳ ಹೆಸರು.