ಕಾಕ್‌ಪಿಟ್ ಪುಟ ಹೊರಗಿನಿಂದ ತೆರೆಯದಿದ್ದಾಗ

ಕಾಕ್‌ಪಿಟ್ ಎಂದರೆ ಸರ್ವರನ್ನು ಬ್ರೌಸರಿನಿಂದಲೇ ನಿರ್ವಹಿಸುವ ಸಾಧನ. ರಾಕಿ ಲಿನಕ್ಸ್ 9 ಸರ್ವರಿನ ಒಳಗಿಂದ 9090ನೇ ಪೋರ್ಟಿಗೆ ಕರ್ಲ್ (ಪುಟವನ್ನು ಕೇಳಿ ತರುವ ಆಜ್ಞೆ) ಕೊಟ್ಟರೆ ಅದು ಉತ್ತರಿಸುತ್ತಿತ್ತು. ಕಚೇರಿಯ ಬೇರೆ ಕಂಪ್ಯೂಟರಿನ ಬ್ರೌಸರಿನಲ್ಲಿ ಮಾತ್ರ ಪುಟ ಸಿಗುತ್ತಿರಲಿಲ್ಲ. ಅಂದರೆ ತಡೆ ಫೈರ್‌ವಾಲಿನಲ್ಲಿ. ಆದರೆ ಕಾಕ್‌ಪಿಟ್ ಸೇವೆಯನ್ನು ಸೇರಿಸಹೋದರೆ 'ಈಗಾಗಲೇ ಇದೆ' ಎಂಬ ಎಚ್ಚರಿಕೆ! ಹಲವರು ಎಡವುವುದು ಇಲ್ಲೇ: ಝೋನ್ (ಫೈರ್‌ವಾಲ್ ನಿಯಮಗಳ ಗುಂಪು) ಹೆಸರಿಸದಿದ್ದರೆ ಆಜ್ಞೆ ಡೀಫಾಲ್ಟ್ ಝೋನ್ ಆದ ಪಬ್ಲಿಕ್‌ಗೆ ಹೋಗುತ್ತದೆ, ಅಲ್ಲಿ ಕಾಕ್‌ಪಿಟ್ ಮೊದಲೇ ತೆರೆದಿರುತ್ತದೆ. ಸಕ್ರಿಯ ಝೋನ್‌ಗಳನ್ನು ಕೇಳಿದಾಗ ನೆಟ್‌ವರ್ಕ್ ಕಾರ್ಡ್ ಇದ್ದದ್ದು ಡಿಎಂಝೆಡ್ ಎಂಬ ಬೇರೆ ಝೋನ್‌ನಲ್ಲಿ. ಅಲ್ಲಿ ದೂರದಿಂದ ಲಾಗಿನ್ ಆಗುವ ಎಸ್ಎಸ್ಎಚ್‌ಗಷ್ಟೇ ದಾರಿ. ಡಿಎಂಝೆಡ್ ಎಂದು ಹೆಸರಿಸಿ, ಪರ್ಮನೆಂಟ್ ಆಯ್ಕೆಯೊಂದಿಗೆ ಸೇವೆ ಸೇರಿಸಿ, ರೀಲೋಡ್ ಮಾಡಿದ ಕೂಡಲೇ ಪುಟ ತೆರೆಯಿತು. ರೀಲೋಡ್ ಮರೆತರೆ ನಿಯಮ ಕಡತದಲ್ಲಷ್ಟೇ ಉಳಿಯುತ್ತದೆ, ಜಾರಿಗೆ ಬರುವುದಿಲ್ಲ.

ಕಾಕ್‌ಪಿಟ್ ಪುಟದಲ್ಲಿ ರೂಟ್ (ಸರ್ವಾಧಿಕಾರವಿರುವ ಖಾತೆ) ಲಾಗಿನ್ ತಿರಸ್ಕೃತವಾದರೆ ಪಾಸ್‌ವರ್ಡ್ ಬದಲಿಸಬೇಡಿ. ಕಾಕ್‌ಪಿಟ್‌ನ ನಿಷೇಧಿತ ಬಳಕೆದಾರರ ಕಡತದಲ್ಲಿ ರೂಟ್ ಹೆಸರಿರುತ್ತದೆ. ಅದನ್ನು ಅಳಿಸದೆ, ವ್ಹೀಲ್ ಗುಂಪಿನ ಬಳಕೆದಾರರಾಗಿ ಒಳಹೊಕ್ಕು ಆಡಳಿತಾಧಿಕಾರ ಪಡೆಯುವುದೇ ಸುರಕ್ಷಿತ.