ಅಂಗಡಿ ಲೆಕ್ಕ, ಸಂಬಳದ ಲೆಕ್ಕ, ಅಮ್ಮನ ಎಫ್‌ಡಿ: ಹೊಸ ತೆರಿಗೆಯನ್ನು ಮನೆಯಲ್ಲೇ ಕೂತು ನೋಡುವುದು ಹೇಗೆ?

ಉಡುಪಿಯಲ್ಲಿ ನನ್ನ ಅಣ್ಣನದ್ದು ದಿನಸಿ ಅಂಗಡಿ. ಅತ್ತಿಗೆಗೆ ಮಣಿಪಾಲದಲ್ಲಿ ಕಂಪನಿ ಕೆಲಸ. ಅಮ್ಮನಿಗೆ ಪಿಂಚಣಿ, ಜೊತೆಗೆ ಬ್ಯಾಂಕಿನ ಬಡ್ಡಿ. ಮನೆ ಒಂದೇ, ತೆರಿಗೆ ಮೂರು ಥರ. "12 ಲಕ್ಷದವರೆಗೆ ಏನೂ ಇಲ್ಲವಂತಲ್ಲ ಮಾರಾಯ, ಮತ್ತೆ ಎಂಥ ತಲೆಬಿಸಿ?" ಎಂದ ಅಣ್ಣ.

ತಲೆಬಿಸಿ ಶುರುವಾಗುವುದೇ ಅಲ್ಲಿ. 12 ಲಕ್ಷ ಎನ್ನುವುದು ಆದಾಯ ತೆರಿಗೆಯ ಹೊಸ ಪದ್ಧತಿಯ ಮಾತು: ಅಷ್ಟರೊಳಗಿದ್ದರೆ ರಿಯಾಯಿತಿ ಸಿಕ್ಕಿ ತೆರಿಗೆ ಸೊನ್ನೆ. ಅಲ್ಲಿ ನೋಡುವುದು ಆದಾಯ, ಅಂದರೆ ಕೈಯಲ್ಲಿ ಉಳಿದದ್ದು. ಜಿಎಸ್‌ಟಿ ನೋಡುವುದು ವಹಿವಾಟು, ಅಂದರೆ ಮಾರಿದ್ದೆಲ್ಲ. ಈ ಎರಡನ್ನು ಕಲಸಿಕೊಂಡವರೇ ಜಾಸ್ತಿ. ಅದಕ್ಕೇ ಒಂದು ಭಾನುವಾರ ಸಂಜೆ ಬ್ಯಾಂಕ್ ಸ್ಟೇಟ್‌ಮೆಂಟ್, ಸಂಬಳದ ಚೀಟಿ, ಇನ್ಶೂರೆನ್ಸ್ ರಸೀದಿ ಎಲ್ಲ ಹರಡಿಕೊಂಡು ಕೂತೆವು.

ಮೊದಲು ಅಂಗಡಿಯ ಕ್ಯೂಆರ್

2025ರ ಜುಲೈಯಲ್ಲಿ ಯುಪಿಐ ಲೆಕ್ಕ ಹಿಡಿದು ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂದದ್ದು ನೆನಪಿದೆ ಅಲ್ವಾ? ಹಾಗಾಗಿ ಒಂದು ವರ್ಷದ ಸ್ಟೇಟ್‌ಮೆಂಟ್ ತೆಗೆದು, ಕ್ಯೂಆರ್‌ಗೆ ಬಂದ ಹಣದಲ್ಲಿ ವ್ಯಾಪಾರದ್ದು ಯಾವುದು, ಅಲ್ಲದ್ದು ಯಾವುದು ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿ.

ಅಣ್ಣನ ಖಾತೆಗೆ ಬಂದದ್ದು 43 ಲಕ್ಷ. ಅದರಲ್ಲಿ 2.4 ಲಕ್ಷ ಚೀಟಿ ಹಣ. ಇನ್ನೊಂದು 1.9 ಲಕ್ಷ ಯಾವುದು ಎಂದು ಅರ್ಧ ಗಂಟೆ ಹುಡುಕಿದೆವು. ಕೊನೆಗೆ ನೋಡಿದರೆ ಅಷ್ಟಮಿಯ ಹುಲಿವೇಷದ ವಂತಿಗೆ! ಊರಿನ ಹುಡುಗರು ಅಂಗಡಿಯ ಕ್ಯೂಆರನ್ನೇ ಎಲ್ಲರಿಗೂ ಕಳಿಸಿದ್ದರು. ಎರಡನ್ನೂ ಕಳೆದರೆ ಉಳಿದದ್ದು 38.7 ಲಕ್ಷ. ಸರಕು ಮಾತ್ರ ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ನಮ್ಮ ರಾಜ್ಯದಲ್ಲಿ 40 ಲಕ್ಷ. ಅಣ್ಣ ನಿಟ್ಟುಸಿರು ಬಿಟ್ಟ.

ಆದರೆ ನಗದು ವ್ಯಾಪಾರವನ್ನೂ ಕೂಡಿಸಬೇಕು. ಅದು 6 ಲಕ್ಷ. ಒಟ್ಟು 44.7 ಲಕ್ಷ, ಮಿತಿ ದಾಟಿತು. "ಹಾಲು, ಬಿಡಿ ಅಕ್ಕಿಗೆ ಜಿಎಸ್‌ಟಿಯೇ ಇಲ್ಲವಲ್ಲ, ಅದನ್ನು ಬಿಡಬಹುದಲ್ಲ?" ಎಂದ. ಆಗುವುದಿಲ್ಲ. ಮಿತಿಯ ಲೆಕ್ಕಕ್ಕೆ ಅವೂ ಸೇರುತ್ತವೆ. ಮೀನು, ಮಲ್ಲಿಗೆಯ ಹಾಗೆ ತೆರಿಗೆಯೇ ಇಲ್ಲದ್ದನ್ನು ಮಾತ್ರ ಮಾರುವವರಿಗೆ ನೋಂದಣಿ ಬೇಡ, ಎಷ್ಟೇ ವ್ಯಾಪಾರವಾಗಲಿ. ಅದೇ ಅಂಗಡಿಯಲ್ಲಿ ಸೋಪು ಇಟ್ಟಿರೋ, ಲೆಕ್ಕ ಬೇರೆ. ಚಾ, ತಿಂಡಿ ಕೊಡುವ ಹೋಟೆಲಿಗೆ ಮಿತಿ 20 ಲಕ್ಷವೇ. ಅಂದರೆ ದಿನಕ್ಕೆ ಐದೂವರೆ ಸಾವಿರದ ಆಸುಪಾಸು.

ಮಿತಿ ದಾಟಿದ 30 ದಿನದೊಳಗೆ ನೋಂದಣಿಗೆ ಅರ್ಜಿ ಹಾಕಬೇಕು. ಸಣ್ಣ ಅಂಗಡಿಗೆ ನಾನು ಹೇಳುವುದು ಕಾಂಪೊಸಿಷನ್ ಯೋಜನೆ, ಅಂದರೆ ಮಾರಾಟದ ಮೇಲೆ ಒಂದೇ ಸಣ್ಣ ದರದಲ್ಲಿ ಜಿಎಸ್‌ಟಿ ಕಟ್ಟುವುದು. ವಹಿವಾಟು 1.5 ಕೋಟಿಯೊಳಗಿದ್ದರೆ ಸಾಕು. ವ್ಯಾಪಾರಿಗೆ ಶೇ 1, ಅದೂ ತೆರಿಗೆ ಇರುವ ಸರಕಿನ ಮೇಲೆ ಮಾತ್ರ. ಅಣ್ಣನಿಗೆ ಅಂಥ ಮಾರಾಟ ಸುಮಾರು 30 ಲಕ್ಷ, ಹಾಗಾಗಿ ವರ್ಷಕ್ಕೆ 30 ಸಾವಿರ. ಇದನ್ನು ಗಿರಾಕಿಯ ಬಿಲ್ಲಿಗೆ ಸೇರಿಸುವಂತಿಲ್ಲ, ಖರೀದಿಗೆ ಕಟ್ಟಿದ ತೆರಿಗೆಯೂ ವಾಪಸ್ ಸಿಗುವುದಿಲ್ಲ.

ಆದಾಯ ತೆರಿಗೆ? ಅಂದಾಜು ಆದಾಯದ ಪದ್ಧತಿಯಲ್ಲಿ ಬ್ಯಾಂಕ್ ಮೂಲಕ ಬಂದದ್ದಕ್ಕೆ ಶೇ 6, ನಗದಿಗೆ ಶೇ 8 ಲಾಭ ಎಂದು ಹಿಡಿದರೆ 2,80,200 ರೂಪಾಯಿ. ಅದು ಕನಿಷ್ಠ, ನಿಜವಾಗಿ ಜಾಸ್ತಿ ಉಳಿದಿದ್ದರೆ ಜಾಸ್ತಿಯೇ ತೋರಿಸಬೇಕು. ಹೊಸ ಪದ್ಧತಿಯಲ್ಲಿ 4 ಲಕ್ಷದವರೆಗೆ ತೆರಿಗೆಯೇ ಇಲ್ಲ. ಆದಾಯ ತೆರಿಗೆ ಸೊನ್ನೆ, ಆದರೂ ಜಿಎಸ್‌ಟಿ ಬೇಕು.

ಆಮೇಲೆ ಅಂಗಡಿ ಹುಡುಗರು

ಇದು ಬೇಗ ಮುಗಿಯಿತು. ಒಬ್ಬನಿಗೆ 18 ಸಾವಿರ, ಇನ್ನೊಬ್ಬನಿಗೆ 26 ಸಾವಿರ. ತಿಂಗಳಿಗೆ 25 ಸಾವಿರ ಅಥವಾ ಮೇಲೆ ಇದ್ದರೆ ವೃತ್ತಿ ತೆರಿಗೆ 200 ರೂಪಾಯಿ ಹಿಡಿಯಬೇಕು. 2025ರ ಏಪ್ರಿಲ್‌ನಿಂದ ಫೆಬ್ರುವರಿಯಲ್ಲಿ ಮಾತ್ರ 300. ಹಿಡಿಯಲು ಮರೆತರೆ ಕಟ್ಟುವುದು ಧಣಿಯ ತಲೆಗೇ ಬರುತ್ತದೆ.

ಅತ್ತಿಗೆಯ ಸಂಬಳ

ಇಲ್ಲಿ ಉಳಿತಾಯ, ಸಾಲದ ಬಡ್ಡಿ ಎಲ್ಲ ಕಳೆಯಬಹುದಾದ ಹಳೆಯ ಪದ್ಧತಿ, ಹೊಸ ಪದ್ಧತಿ ಎರಡನ್ನೂ ಬರೆದೇ ನೋಡಬೇಕು. ಸಂಬಳ ವರ್ಷಕ್ಕೆ 12,85,000. ಹೊಸ ಪದ್ಧತಿಯಲ್ಲಿ ಸಂಬಳದವರೆಲ್ಲರಿಗೂ ಸಿಗುವ ಸ್ಟ್ಯಾಂಡರ್ಡ್ ಡಿಡಕ್ಷನ್ 75 ಸಾವಿರ ಕಳೆದರೆ 12,10,000. ಹತ್ತು ಸಾವಿರ ಮಿತಿ ದಾಟಿತೆಂದು 61,500 ಕಟ್ಟಬೇಕಾಗಿಲ್ಲ. ಮಿತಿಗಿಂತ ಸ್ವಲ್ಪ ಮೇಲಿದ್ದವರಿಗೆ ದಾಟಿದಷ್ಟೇ ತೆರಿಗೆ. ತೆರಿಗೆಯ ಮೇಲಿನ ಸೆಸ್ (ಉಪತೆರಿಗೆ) ಸೇರಿ 10,400.

ಹಳೆಯದರಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 50 ಸಾವಿರದ ಜೊತೆ ಎಲ್‌ಐಸಿ–ಪಿಎಫ್ 1.5 ಲಕ್ಷ, ಮನೆ ಸಾಲದ ಬಡ್ಡಿ 2 ಲಕ್ಷ, ಆರೋಗ್ಯ ವಿಮೆ 25 ಸಾವಿರ, ವೃತ್ತಿ ತೆರಿಗೆ 2,500 ಎಲ್ಲ ಕಳೆದೂ ತೆರಿಗೆ 87,360! "ಇಷ್ಟು ವರ್ಷ ರಸೀದಿ ಜೋಡಿಸಿದ್ದು ಸುಮ್ನೆಯಾ?" ಎಂದರು ಅತ್ತಿಗೆ. ಯಾವ ಪದ್ಧತಿ ಎಂದು ವರ್ಷದ ಆರಂಭದಲ್ಲೇ ಕಚೇರಿಗೆ ತಿಳಿಸಬೇಕು. ಏನೂ ಹೇಳದಿದ್ದರೆ ಹೊಸದು ಎಂದೇ ಲೆಕ್ಕ. ಸಂಬಳದವರು ರಿಟರ್ನ್ ಹಾಕುವಾಗ ಬದಲಿಸಬಹುದು. ವ್ಯಾಪಾರದವರಿಗೆ ಪ್ರತಿ ವರ್ಷ ಹೀಗೆ ಹಾರುವ ಅವಕಾಶ ಇಲ್ಲ. ಷೇರನ್ನು ವರ್ಷದೊಳಗೆ ಮಾರಿ ಲಾಭ ಮಾಡಿದ್ದರೆ ಅದಕ್ಕೆ ಶೇ 20 ಬೇರೆ, 12 ಲಕ್ಷದ ರಿಯಾಯಿತಿ ಅದಕ್ಕೆ ಸಿಗುವುದಿಲ್ಲ.

ಅಂದ ಹಾಗೆ, 2026ರ ಏಪ್ರಿಲ್ 1ರಿಂದ 1961ರ ಆದಾಯ ತೆರಿಗೆ ಕಾಯ್ದೆ ಹೋಗಿ ಹೊಸದು ಬಂದಿದೆ. ಎಲ್‌ಐಸಿ–ಪಿಎಫ್ ಕಳೆಯುವ, ಎಲ್ಲರ ಬಾಯಲ್ಲಿರುವ ಕಲಂ 80ಸಿ ಅದರಲ್ಲಿ 123. ಅದಕ್ಕೇ ಇಲ್ಲಿ ಕಲಂಗಳ ಗೋಜಿಗೆ ಹೋಗಿಲ್ಲ.

ಅಮ್ಮನ ಕಾಗದಗಳು

60 ದಾಟಿದವರಿಗೆ ಒಂದು ಬ್ಯಾಂಕಿನಲ್ಲಿ ವರ್ಷಕ್ಕೆ 1 ಲಕ್ಷದವರೆಗಿನ ಬಡ್ಡಿಗೆ ಟಿಡಿಎಸ್, ಅಂದರೆ ಬ್ಯಾಂಕು ಮೊದಲೇ ಮುರಿದುಕೊಳ್ಳುವ ತೆರಿಗೆ, ಹಿಡಿಯುವುದಿಲ್ಲ. ಮೊದಲು ಅದು 50 ಸಾವಿರ ಇತ್ತು. ಹಿಡಿಯದಿದ್ದರೂ ಆ ಬಡ್ಡಿ ಆದಾಯವೇ, ರಿಟರ್ನ್‌ನಲ್ಲಿ ತೋರಿಸಬೇಕು.

ಕೊನೆಗೆ ಆರೋಗ್ಯ ವಿಮೆಯ ರಸೀದಿ. 2025ರ ಸೆಪ್ಟೆಂಬರ್ 22ರಿಂದ ಸ್ವಂತ ಮತ್ತು ಕುಟುಂಬದ ಪಾಲಿಸಿಗೆ ಜಿಎಸ್‌ಟಿ ಇಲ್ಲ. ಕಚೇರಿಯ ಗುಂಪು ವಿಮೆಗೆ ಶೇ 18 ಹಾಗೇ ಇದೆ. ಅಮ್ಮನ ಹಳೆ ರಸೀದಿಯಲ್ಲಿ 30,000 ಪ್ರೀಮಿಯಂ, 5,400 ತೆರಿಗೆ. ಹೊಸದರಲ್ಲಿ ತೆರಿಗೆಯ ಸಾಲು ಸೊನ್ನೆ, ಪ್ರೀಮಿಯಂ ಮಾತ್ರ 33,000. "ಹಾಗಾದರೆ ನನಗೆ ಉಳಿದದ್ದು 2,400 ಅಲ್ವಾ?" ಎಂದು ಅಮ್ಮ ನಮಗಿಂತ ಮೊದಲೇ ಲೆಕ್ಕ ಮಾಡಿದಳು.