ಅಟ್ಟದಿಂದ ಇಳಿದ ಕಾಫಿ ಮೆಷಿನ್‌ಗೆ ಒಂದು ಮಳೆಗಾಲ

ಕೊಪ್ಪದ ಹತ್ತಿರ ಒಂದು ತೋಟದ ಮನೆಯಲ್ಲಿ ಅಟ್ಟ ಖಾಲಿ ಮಾಡುತ್ತಿದ್ದರು. ನಾನು ಹೋಗಿದ್ದು ಹಳೆಯ ಹೊಲಿಗೆ ಮೆಷಿನ್ ನೋಡೋಕೆ. ಅದನ್ನು ಆಗಲೇ ಯಾರೋ ಒಯ್ದಿದ್ದರು. ಮೂಲೆಯಲ್ಲಿ ಗೋಣಿಚೀಲ ಸುತ್ತಿದ್ದ ಇನ್ನೊಂದು ವಸ್ತು ಇತ್ತು. ಬಿಚ್ಚಿದರೆ ಉದ್ದ ಹಿಡಿಕೆ, ಹಿತ್ತಾಳೆಯ ಹೊಟ್ಟೆ, ಅರ್ಧ ಕಿತ್ತುಹೋದ ಕ್ರೋಮ್ ಹೊಳಪು.

"ಎಂತ ಮಾರಾಯ್ರೆ ಇದು?" ಅಂದೆ.

"ನಮ್ಮ ಚಿಕ್ಕಪ್ಪ ಇಟಲಿಯಿಂದ ತಂದಿದ್ದು. ಬೆಂಗಳೂರಲ್ಲಿದ್ದಾಗ ದಿನಾ ಇದರಲ್ಲೇ ಕಾಫಿ ಮಾಡ್ತಿದ್ರಂತೆ. ಬೇಕಾದ್ರೆ ತಗೊಂಡ್ಹೋಗಿ. ಇಲ್ಲಾಂದ್ರೆ ಗುಜರಿಗೆ ಹಾಕೋದೇ."

ಸುಮ್ನೆ ತರೋದು ಸರಿಯಲ್ಲ ಅಂತ ಸಾವಿರ ರೂಪಾಯಿ ಕೈಗಿಟ್ಟು, ತೀರ್ಥಹಳ್ಳಿಗೆ ತಂದೆ.

ಬುಡದಲ್ಲಿ ಹೆಸರು ಇತ್ತು: ಲಾ ಪಾವೊನಿ ಯೂರೋಪಿಕೊಲಾ. ಮಿಲಾನ್ ನಗರದ ಕಂಪನಿ, 1905ರಿಂದ ಇದೆ. ಈ ಮಾಡೆಲ್ ಶುರುವಾಗಿದ್ದು 1961ರಲ್ಲಿ. ಇದಕ್ಕೆ ಮೋಟಾರಿಲ್ಲ, ಪಂಪಿಲ್ಲ. ಮುಕ್ಕಾಲು ಲೀಟರಿಗಿಂತ ತುಸು ಜಾಸ್ತಿ ನೀರು ಹಿಡಿಯುವ ಬಾಯ್ಲರ್, ಅದರ ಮುಂದೆ ಒಂದು ಪಿಸ್ಟನ್, ಪಿಸ್ಟನ್‌ಗೆ ಒಂದು ಹಿಡಿಕೆ. ಅಷ್ಟೇ.

ನಮ್ಮ ಕಡೆ ಎಕ್ಸ್‌ಪ್ರೆಸ್ಸೊ ಅಂದರೆ ಮದುವೆ ಛತ್ರದ ಬಾಗಿಲಲ್ಲಿ ಬುಸ್ ಅನ್ನುವ ತಾಮ್ರದ ಹಂಡೆ ಅಲ್ವಾ? ಇನ್‌ಸ್ಟಂಟ್ ಪುಡಿ, ಹಾಲು, ಸಕ್ಕರೆ ಕಲೆಸಿ ಆವಿ ಬಿಟ್ಟು ನೊರೆ ಬರಿಸಿ, ಮೇಲೆ ಚಾಕೊಲೇಟ್ ಪುಡಿ ಉದುರಿಸುತ್ತಾರೆ. ನನಗೂ ಅದು ಇಷ್ಟವೇ. ಆದರೆ ಅಲ್ಲಿ ಆವಿಗೆ ಇರುವ ಕೆಲಸ ಹಾಲು ಕಾಯಿಸಿ ನೊರೆ ಬರಿಸುವುದು ಮಾತ್ರ. ಇಟಲಿಯವರ ಎಸ್ಪ್ರೆಸೊದಲ್ಲಿ ಬಿಸಿನೀರನ್ನು ಸುಮಾರು 9 ಬಾರ್, ಅಂದರೆ ಸುತ್ತಲಿನ ಗಾಳಿಯ ಒತ್ತಡದ ಒಂಬತ್ತು ಪಟ್ಟು ಒತ್ತಡದಲ್ಲಿ ಕಾಫಿಪುಡಿಯ ಮೂಲಕ ನೂಕಬೇಕು. 1901ರಲ್ಲಿ ಲುಯಿಜಿ ಬೆಜ್ಜೆರಾ ಪೇಟೆಂಟ್‌ಗೆ ಹಾಕಿದ ಮೆಷಿನ್ ಆವಿಯ ಒತ್ತಡವನ್ನೇ ನಂಬಿತ್ತು. ಅದರಲ್ಲಿ ಅಷ್ಟು ಒತ್ತಡ ಹುಟ್ಟುವುದಿಲ್ಲ. ಎರಡನೇ ಮಹಾಯುದ್ಧದ ನಂತರ ಅಕಿಲ್ಲೆ ಗಾಜ್ಜಾ ಹಿಡಿಕೆ ಎಳೆದು ಪಿಸ್ಟನ್ ಒತ್ತುವ ಮೆಷಿನ್ ಮಾರುಕಟ್ಟೆಗೆ ತಂದ. ಕಾಫಿಯ ಮೇಲೆ ಕಂದು ನೊರೆ ಕೂರೋಕೆ ಶುರುವಾದದ್ದು ಆವಾಗ.

ಮೆಷಿನ್ನನ್ನು ಜಗಲಿಯಲ್ಲಿಟ್ಟು ನೋಡುತ್ತಾ ಕೂತಿದ್ದಾಗ ತೋಟದ ಕೆಲಸಕ್ಕೆ ಬರುವವನು ಹೇಳಿದ, "ಅಣ್ಣ, ಇದು ನಮ್ಮ ಕೊಳೆ ಔಷಧಿ ಪಂಪಿನ ಹಾಗೇ ಉಂಟಲ್ಲ?" ಅವನ ಮಾತು ನೂರಕ್ಕೆ ನೂರು ಸರಿ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಕೈಪಂಪಿನಲ್ಲೂ ಇರೋದು ಇದೇ: ಸಿಲಿಂಡರ್, ಪಿಸ್ಟನ್, ವಾಷರ್, ಹಿಡಿಕೆ. ಆ ಪಂಪನ್ನು ನಾನು ಎಷ್ಟು ಸಲ ಬಿಚ್ಚಿಲ್ಲ! ಆಮೇಲೆ ಭಯ ಹೋಯಿತು. ಭಯ ಪೂರ್ತಿ ಹೋಗಬಾರದಿತ್ತು ಅಂತ ಆಮೇಲೆ ಗೊತ್ತಾಯಿತು, ಅದು ಬೇರೆ ಮಾತು.

ಒಂದು ಲೆಕ್ಕ ಹೇಳುತ್ತೇನೆ. ಪಿಸ್ಟನ್ನಿನ ಅಗಲ 49 ಮಿಲಿಮೀಟರ್. ಅಂದರೆ ಸುಮಾರು 19 ಚದರ ಸೆಂಟಿಮೀಟರ್. 9 ಬಾರ್ ಬರಬೇಕಾದರೆ ಅದರ ಮೇಲೆ ಸುಮಾರು 170 ಕೆಜಿ ಭಾರ ಬೀಳಬೇಕು. ಉದ್ದ ಹಿಡಿಕೆ ಇರೋದು ಅದಕ್ಕೇ.

ಬಿಚ್ಚುವಾಗ ಇಡ್ಲಿ ತಟ್ಟೆ ತುಂಬಾ ಉಪಯೋಗಕ್ಕೆ ಬಂತು. ಬಿಚ್ಚಿದ ಕ್ರಮದಲ್ಲೇ ಒಂದೊಂದು ಗುಳಿಗೆ ಒಂದೊಂದು ಭಾಗ. ಹೆಂಡತಿ ನೋಡಿ, "ರೀ, ಆ ತಟ್ಟೆ ಇನ್ನು ನಿಮಗೇ, ಅಡುಗೆಮನೆಗೆ ತರಬೇಡಿ" ಅಂದಳು. ಪ್ರತಿ ಹಂತಕ್ಕೂ ಮೊಬೈಲ್‌ನಲ್ಲಿ ಫೋಟೊ ತೆಗೆದೆ. ಹಿಡಿಕೆಯ ಪಿನ್ನನ್ನು ಹಿಡಿದಿಡುವ ಪುಟ್ಟ ಸ್ಪ್ರಿಂಗ್ ಬಳೆ, ಸರ್ಕ್ಲಿಪ್, ಟಿಣ್ ಅಂತ ಹಾರಿ ಎಲ್ಲೋ ಹೋಯಿತು. ಅರ್ಧ ದಿನ ಹುಡುಕಿದೆ. ಸಿಕ್ಕಿದ್ದು ಒರಳುಕಲ್ಲಿನ ಗುಂಡಿಯಲ್ಲಿ. ಎರಡನೇ ಸರ್ಕ್ಲಿಪ್ ತೆಗೆಯುವಾಗ ಮೇಲೊಂದು ಬಟ್ಟೆ ಮುಚ್ಚಿಕೊಂಡೆ.

ಬಾಯ್ಲರ್ ಒಳಗೆ ಟಾರ್ಚ್ ಬಿಟ್ಟರೆ ಬಿಳಿ ಸುಣ್ಣ, ಮೊಟ್ಟೆಯ ಚಿಪ್ಪಿನ ದಪ್ಪ. ಬೆಂಗಳೂರಿನ ಬೋರ್‌ವೆಲ್ ನೀರಿನ ಪ್ರಸಾದ. ನಮ್ಮ ಬಾವಿಯ ನೀರು ಎಷ್ಟು ವರ್ಷ ಕಾಯಿಸಿದರೂ ಹಂಡೆಯಲ್ಲಿ ಹೀಗೆ ಸುಣ್ಣ ಕಟ್ಟಿದ್ದು ನಾನು ನೋಡಿಲ್ಲ. ಗಂಗಾ ಸ್ನಾನ, ತುಂಗಾ ಪಾನ ಅಂತ ಸುಮ್ನೆ ಹೇಳಿಲ್ಲ. ಕಾಫಿ ಮೆಷಿನ್ ಸಾಕುವವರಿಗೆ ಮಲೆನಾಡು ಒಳ್ಳೆಯ ಊರು.

ಸುಣ್ಣ ತೆಗೆಯೋಕೆ ನಿಂಬೆ ಉಪ್ಪು ಸಾಕು. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಸಿಗುತ್ತದೆ. ಲೀಟರ್ ಬಿಸಿನೀರಿಗೆ 25 ಗ್ರಾಂ ಹಾಕಿ ಬಾಯ್ಲರಿಗೆ ಸುರಿದೆ. ಗುಳುಗುಳು ಅಂತ ನೊರೆ ಬಂತು. ಅರ್ಧ ಗಂಟೆಗೆ ಚೆಲ್ಲಿ, ತೊಳೆದು, ಮತ್ತೆ ಹಾಕಬೇಕಿತ್ತು. ನಾನು ಜಾಸ್ತಿ ಹೊತ್ತು ಇಟ್ಟರೆ ಜಾಸ್ತಿ ಸ್ವಚ್ಛ ಅಂದುಕೊಂಡು ಇಡೀ ರಾತ್ರಿ ಬಿಟ್ಟೆ. ಬೆಳಿಗ್ಗೆ ಸುಣ್ಣ ಪೂರ್ತಿ ಹೋಗಿತ್ತು. ಆದರೆ ಹಳದಿ ಹಿತ್ತಾಳೆ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಹಿತ್ತಾಳೆ ಅಂದರೆ ತಾಮ್ರ ಮತ್ತು ಸತು. ಹುಳಿಗೆ ಸತು ಬೇಗ ಕರಗುತ್ತದೆ, ಮೇಲೆ ತಾಮ್ರ ಉಳಿಯುತ್ತದೆ. ಅಮ್ಮ ನೋಡಿ ನಕ್ಕಳು. "ಹುಣಸೆ ಹುಳಿ ಹಚ್ಚಿ ಚೊಂಬನ್ನ ರಾತ್ರಿಯಿಡೀ ಯಾರಾದ್ರೂ ಬಿಡ್ತಾರನೋ ಮಾರಾಯ? ತಿಕ್ಕಿ ಕೂಡ್ಲೆ ತೊಳೀಬೇಕು." ಪುಣ್ಯಕ್ಕೆ ಗುಲಾಬಿ ಬಣ್ಣ ಮೇಲ್ಮೈಯಲ್ಲಿ ಮಾತ್ರ ಇತ್ತು. ತಿಕ್ಕಿದರೆ ಹೋಯಿತು.

ನಿಜವಾದ ತಲೆನೋವು ಕರೆಂಟಿನದು. ಇಟಲಿಯ ವೋಲ್ಟೇಜ್ ಹೆಚ್ಚುಕಮ್ಮಿ ನಮ್ಮದೇ, ಟ್ರಾನ್ಸ್‌ಫಾರ್ಮರ್ ಬೇಕಿಲ್ಲ. ಹೀಟರಿನಲ್ಲಿ ಎರಡು ಸುರುಳಿ ಇವೆ, 200 ವಾಟ್ ಒಂದು, 800 ವಾಟ್ ಇನ್ನೊಂದು. ಮಲ್ಟಿಮೀಟರ್ ಹಿಡಿದರೆ ಒಂದರಲ್ಲಿ 240 ಓಮ್, ಇನ್ನೊಂದರಲ್ಲಿ 60 ಓಮ್. ಎರಡೂ ಜೀವಂತ! ಖುಷಿಯಿಂದ ಪ್ಲಗ್ ಹಾಕಿದೆ. ಟಪ್ ಅಂತ, ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಇಎಲ್‌ಸಿಬಿ ಬಿತ್ತು. ಮತ್ತೆ ಹಾಕಿದೆ, ಮತ್ತೆ ಬಿತ್ತು.

ಈ ಜಾಗದಲ್ಲಿ ಕೆಲವರು ಅರ್ಥಿಂಗ್ ವೈರ್ ಕಿತ್ತು ಹಾಕುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನೀರು, ಲೋಹ, ಬರಿಗೈ ಎಲ್ಲ ಒಂದೇ ಕಡೆ ಇರುವ ಮೆಷಿನ್ ಇದು.

ಹೀಟರನ್ನು ಹೊತ್ತುಕೊಂಡು ಪೇಟೆಯ ಮೋಟಾರ್ ರಿವೈಂಡಿಂಗ್ ಸಾಬರ ಹತ್ತಿರ ಹೋದೆ. ಕರೆಂಟ್ ಸೋರದಂತೆ ತಡೆಯುವ ಶಕ್ತಿ ಎಷ್ಟಿದೆ ಅಂತ ಅಳೆಯುವ ಮೆಗ್ಗರ್ ಹಚ್ಚಿ ಅವರು ತಿರುಗಿಸಿದರು. ಮುಳ್ಳು ಸೊನ್ನೆಯ ಹತ್ತಿರವೇ ಕೂತಿತ್ತು. "ಸುಟ್ಟಿಲ್ಲ ಸರ್, ಪಸೆ ಕುಡಿದಿದೆ" ಅಂದರು. ಹೀಟರಿನ ಕೊಳವೆಯೊಳಗೆ ತಂತಿಯ ಸುತ್ತ ಮೆಗ್ನೀಸಿಯಂ ಆಕ್ಸೈಡ್ ಪುಡಿ ತುಂಬಿರುತ್ತಾರೆ. ಅದು ಒಣಗಿದ್ದರೆ ಕರೆಂಟ್ ತಡೆಯುತ್ತದೆ. ತುದಿಯಲ್ಲಿ ಸಣ್ಣ ಬಿರುಕಿದ್ದರೂ ಗಾಳಿಯ ಪಸೆ ಹೀರಿಕೊಳ್ಳುತ್ತದೆ. ಮಲೆನಾಡಿನ ಅಟ್ಟದಲ್ಲಿ ಎಷ್ಟು ಮಳೆಗಾಲ ಕಳೆದಿತ್ತೋ ಏನೋ! ನಮ್ಮಲ್ಲಿ ಚಪ್ಪಲಿಗೂ ಬೂಸ್ಟು ಬರುತ್ತದೆ, ಇದು ಯಾವ ಲೆಕ್ಕ.

ಒಣಗಿಸಬೇಕು. ಹೊರಗೆ ಜುಲೈ ತಿಂಗಳ ಮಳೆ, ಬಿಸಿಲಿನ ಮುಖ ನೋಡಿ ಮೂರು ವಾರ. ಬಚ್ಚಲೊಲೆಯ ದಂಡೆಯ ಮೇಲೆ, ಮುಟ್ಟಿದರೆ ಕೈ ಸುಡುವ ಜಾಗದಲ್ಲಿ ಮೂರು ದಿನ ಇಟ್ಟೆ. ನೀರು ಕಾಯಿಸುವವರಿಗೆಲ್ಲ "ಅದನ್ನ ಮುಟ್ಟಬೇಡಿ" ಅಂತ ಹೇಳಿದ್ದೇ ಹೇಳಿದ್ದು. ನಾಲ್ಕನೇ ದಿನ ಸಾಬರ ಅಂಗಡಿಯಲ್ಲಿ ಮುಳ್ಳು 2 ಮೆಗಾಓಮ್ ತೋರಿಸಿತು. ಅವರೇ ತುದಿಗಳಿಗೆ ಬಿಸಿ ತಡೆಯುವ ಸಿಲಿಕೋನ್ ಬಳಿದು ಮುಚ್ಚಿಕೊಟ್ಟರು. ದುಡ್ಡು ತಗೊಳ್ಳಲಿಲ್ಲ, ಕಾಫಿ ಕೊಡಿಸಿ ಅಂದರು.

ಆಮೇಲೆ ರಬ್ಬರ್. ಇಲ್ಲಿ ನಾನು ಜಿಪುಣತನ ಮಾಡಿದೆ. ಪಿಸ್ಟನ್ನಿನ ಎರಡು ಸೀಲ್, ಗಾಜಿನ ಕೊಳವೆಯ ವಾಷರ್, ಬಾಯ್ಲರಿನ ರಿಂಗ್, ಎಲ್ಲ ಕಲ್ಲಿನ ಹಾಗೆ ಗಟ್ಟಿಯಾಗಿದ್ದವು. ಹೊರದೇಶದಿಂದ ಸೆಟ್ ತರಿಸಿದರೆ ದುಬಾರಿ. ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್‌ಗೆ ಹೋಗಿ ಅಳತೆಗೆ ಸರಿಯಾದ ಕಪ್ಪು ರಿಂಗ್ ತಂದು ಬಾಯ್ಲರಿಗೆ ಹಾಕಿದೆ. ಸೋರಲಿಲ್ಲ. ಆದರೆ ನೀರಿಗೆ ಸೈಕಲ್ ಟ್ಯೂಬಿನ ವಾಸನೆ. ಹತ್ತು ಸಲ ಕುದಿಸಿ ಚೆಲ್ಲಿದರೂ ಹೋಗಲಿಲ್ಲ. ಅದು ಎಣ್ಣೆಗೆ ಮಾಡಿದ ನೈಟ್ರೈಲ್ ರಬ್ಬರ್, ಹೈಡ್ರಾಲಿಕ್ ಜಾಕಿಗೆ ಹಾಕುವಂಥದ್ದು. ತಪ್ಪು ಅಂಗಡಿಯವರದ್ದಲ್ಲ, ಯಾವುದಕ್ಕೆ ಅಂತ ನಾನು ಹೇಳಿರಲೇ ಇಲ್ಲ. ಆವಿ ಮತ್ತು ಕುಡಿಯುವ ನೀರಿಗೆ ಆಹಾರ ದರ್ಜೆಯ ಇಪಿಡಿಎಂ ಅನ್ನುವ ರಬ್ಬರ್ ಅಥವಾ ಸಿಲಿಕೋನ್ ಬೇಕು. ಕೊನೆಗೆ ಇಟಲಿಯ ಸೆಟ್ಟನ್ನೇ ತರಿಸಿದೆ. ಪಿಸ್ಟನ್ ಸೀಲಿಗೆ ಹಚ್ಚುವ ಗ್ರೀಸ್ ಕೂಡ ಆಹಾರ ದರ್ಜೆಯ ಸಿಲಿಕೋನ್ ಗ್ರೀಸ್ ಆಗಿರಬೇಕು. ಬೈಕಿನ ಡಬ್ಬಿ ಕಪಾಟಿನಲ್ಲೇ ಇರಲಿ.

ಪಿಸ್ಟನ್ ಸೀಲಿಗೆ ಒಂದು ಬದಿಯಲ್ಲಿ ತುಟಿ ಇರುತ್ತದೆ. ಫೋಟೊ ತೆಗೆದಿದ್ದೆ, ಆದರೂ ಒಂದನ್ನು ತಲೆಕೆಳಗಾಗಿ ಹಾಕಿದೆ. ಹಿಡಿಕೆ ಒತ್ತಿದರೆ ಬೆಣ್ಣೆಯ ಹಾಗೆ ಇಳಿಯಿತು, ಕಾಫಿ ಮಾತ್ರ ಬರಲಿಲ್ಲ. ಮತ್ತೆ ಬಿಚ್ಚಿದೆ.

ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆ ಬಿರುಕು ಬಿಟ್ಟಿತ್ತು. ಗೆಳೆಯನೊಬ್ಬ ಕಾಲೇಜು ಲ್ಯಾಬಿನಿಂದ ಒಂದು ತುಂಡು ಕೊಡುತ್ತೇನೆ ಅಂದ. ಬೇಡ ಅಂದೆ. ರಬ್ಬರಿನಲ್ಲಿ ಬುದ್ಧಿ ಬಂದಿತ್ತು. ಆ ಗಾಜು ಬಾಯ್ಲರಿನ ಒತ್ತಡದಲ್ಲೇ ಇರುತ್ತದೆ, ಮುಖದ ಎದುರಿಗೇ. ಸೇಫ್ಟಿ ವಾಲ್ವ್ ಒಳಗಿನ ಗುಂಡು ಸುಣ್ಣ ಹಿಡಿದು ಅಂಟಿಕೊಂಡಿತ್ತು. ಅದನ್ನು ಬಿಡಿಸಿ ಹೊಸ ಸ್ಪ್ರಿಂಗ್ ಹಾಕಿದೆ. ಉಳಿದದ್ದಕ್ಕೆ ಊರೇ ಸಾಕಾಯಿತು. ಬಾಯ್ಲರಿನ ಅಡಿಯ ದೊಡ್ಡ ತಿರುಪಿಗೆ ಯಾವ ಸ್ಪ್ಯಾನರೂ ಹೊಂದದೆ, ವೆಲ್ಡಿಂಗ್ ಶಾಪಿನಲ್ಲಿ ಕಬ್ಬಿಣದ ಪಟ್ಟಿ ಕತ್ತರಿಸಿ ಒಂದು ಮಾಡಿಸಿದೆ. ಒಡೆದ ಹಿಡಿಕೆಯ ಬದಲು ಹಳೆಯ ಮನೆಯ ಹಲಸಿನ ದಾರಂದದ ತುಂಡು ಕೊಟ್ಟೆ, ಸಾಗರದಲ್ಲಿ ಒಬ್ಬರು ಲೇತಿನಲ್ಲಿ ಕಡೆದುಕೊಟ್ಟರು. ಹೊಸದಕ್ಕಿಂತ ಚಂದ ಇದೆ. ಎಲ್ಲ ಸೇರಿ 14,000 ರೂಪಾಯಿ ಆಯಿತು. ಮನೆಯಲ್ಲಿ 8,000 ಅಂತ ಹೇಳಿದ್ದೇನೆ.

ಮೊದಲ ಸಲ ಬಿಸಿ ಮಾಡಿದ್ದು ಅಂಗಳದಲ್ಲಿ. ಉದ್ದ ವೈರ್ ಎಳೆದು, ನಾನು ಕಂಬದ ಹಿಂದೆ. ಹುಚ್ಚು ಅನ್ನಿಸಬಹುದು. ಬಾಯ್ಲರಿನಲ್ಲಿ ಒತ್ತಡ 0.8 ಬಾರ್, ನೀರು 117 ಡಿಗ್ರಿ. ಕುಕ್ಕರಿಗಿಂತ ಸ್ವಲ್ಪ ಕಡಿಮೆ. ಆದರೆ ಕುಕ್ಕರನ್ನು ಫ್ಯಾಕ್ಟರಿಯಲ್ಲಿ ಜೋಡಿಸಿರುತ್ತಾರೆ, ಇದನ್ನು ಜೋಡಿಸಿದ್ದು ನಾನು! ಎಂಟು ನಿಮಿಷಕ್ಕೆ ಸೇಫ್ಟಿ ವಾಲ್ವ್ ಸುಯ್ ಅಂದಿತು. ಅಷ್ಟು ಇಂಪಾದ ಶಬ್ದ ನಾನು ಕೇಳಿಲ್ಲ.

ಮರುದಿನ ಅಡುಗೆಮನೆಯಲ್ಲಿ ಎರಡು ಅವಾಂತರ. ಬಾಯ್ಲರಿನೊಳಗೆ ಸಿಕ್ಕಿಕೊಂಡ ಗಾಳಿಯೂ ಬಿಸಿಗೆ ಹಿಗ್ಗಿ, ಒತ್ತಡ ಬಂದ ಹಾಗೆ ತೋರಿಸುತ್ತದೆ. ನೀರು ಇನ್ನೂ ಅಷ್ಟು ಕಾದಿರುವುದಿಲ್ಲ. ಆವಿಯ ನಳ್ಳಿ ಒಮ್ಮೆ ತೆರೆದು ಗಾಳಿ ಬಿಡಬೇಕು. ಅದು ಗೊತ್ತಿಲ್ಲದೆ ಮೊದಲ ಲೋಟ ಹುಳಿ ಹುಳಿ, ಉಗುರುಬೆಚ್ಚಗೆ. ಎರಡನೆಯದರಲ್ಲಿ ಹಿಡಿಕೆ ಅರ್ಧದಲ್ಲೇ ನಿಂತಿತು. ಏನಾಯಿತು ಅಂತ ಪುಡಿಯ ಬಟ್ಟಲನ್ನು ತಿರುಗಿಸಿ ತೆಗೆಯೋಕೆ ಹೋದೆ. ಒಳಗೆ ಒತ್ತಡ ಹಾಗೇ ಇತ್ತು. ಢಬ್! ಕಾಫಿಚರಟ ಮಾಡಿನ ಹಂಚಿಗೆ, ನನ್ನ ಅಂಗಿಗೆ, ಪಕ್ಕದಲ್ಲಿದ್ದ ನೀರುದೋಸೆ ಹಿಟ್ಟಿಗೆ. ಕೈಗೆ ಸಣ್ಣ ಬೊಕ್ಕೆ ಎದ್ದಿತು. ಹಿಡಿಕೆ ನಿಂತರೆ ಒತ್ತಡ ತಾನೇ ಇಳಿಯುವವರೆಗೆ ಸುಮ್ಮನೆ ಕೂತುಕೊಳ್ಳಿ.

ಹಿಡಿಕೆ ನಿಂತದ್ದು ಪುಡಿಯಿಂದ. ಮನೆಯ ಫಿಲ್ಟರ್ ಪುಡಿಯನ್ನೇ ಹಾಕಿದ್ದೆ, ಅದರಲ್ಲಿ ಚಿಕೋರಿ ಇತ್ತು. ಫಿಲ್ಟರಿಗೆ ಚಿಕೋರಿ ಸೊಗಸು, ಇಲ್ಲಿ ಅಂಟು ಕಟ್ಟಿಕೊಂಡು ಕೂರುತ್ತದೆ. ಈಗ ತೋಟದ ಅರೇಬಿಕಾಕ್ಕೆ ಕಾಲುಭಾಗ ರೊಬಸ್ಟಾ ಸೇರಿಸಿ ಬಾಣಲೆಯಲ್ಲಿ ಹುರಿದು, ಕೈಗಿರಣಿಯಲ್ಲಿ ಬೀಸುತ್ತೇನೆ. ಮಿಕ್ಸಿಯಲ್ಲಿ ಆಗಲ್ಲ, ಅರ್ಧ ಹಿಟ್ಟು ಅರ್ಧ ನುಚ್ಚು ಬರುತ್ತದೆ. 14 ಗ್ರಾಂ ಪುಡಿ, ಸುಮಾರು 30 ಸೆಕೆಂಡ್, 30 ಮಿಲಿಲೀಟರ್ ಕಾಫಿ. ಈ ಮೆಷಿನ್ನಿಗೆ ಇನ್ನೊಂದು ಗುಣ ಇದೆ. ಎರಡು ಮೂರು ಸಲ ಒತ್ತುವಷ್ಟರಲ್ಲಿ ಮುಂಭಾಗ ತುಂಬಾ ಕಾದು ಕಾಫಿ ಸೀದ ರುಚಿ ಬರುತ್ತದೆ. ಡಿಸೆಂಬರಿನ ಚಳಿಯಲ್ಲಿ ನಾಲ್ಕು ಜನಕ್ಕೆ ಮಾಡಬಹುದು. ಏಪ್ರಿಲ್‌ನಲ್ಲಿ ಇಬ್ಬರಿಗೇ ಮುಗಿಯಿತು, ಮೂರನೆಯವರು ಬಂದರೆ ಒದ್ದೆ ಬಟ್ಟೆ ಸುತ್ತಿ ಕಾಯಬೇಕು.

ಸಾಬರಿಗೆ ಕಾಫಿ ಕುಡಿಸಿದೆ. ಒಂದು ಗುಟುಕು ಕುಡಿದು, "ಕಷಾಯ ಚೆನ್ನಾಗಿದೆ" ಅಂದು ಮೂರು ಚಮಚ ಸಕ್ಕರೆ ಹಾಕಿಕೊಂಡರು.

ಸುದ್ದಿ ಪೇಟೆಯಲ್ಲಿ ಹರಡಿದೆ. ಹೋದ ವಾರ ಮದುವೆ ಅಡುಗೆಯ ಕಾಂಟ್ರಾಕ್ಟರ್ ಒಬ್ಬರು ತಮ್ಮ ತಾಮ್ರದ ಎಕ್ಸ್‌ಪ್ರೆಸ್ಸೊ ಹಂಡೆಯನ್ನು ಆಟೋದಲ್ಲಿ ತಂದು ಜಗಲಿಯಲ್ಲಿ ಇಳಿಸಿದರು. ನಳ್ಳಿ ಸೋರುತ್ತದಂತೆ, ವಾಷರ್ ಹಾಕಿದರೆ ಸಾಕಂತೆ. ತಿರುಗಿಸಿ ನೋಡಿದೆ. ಸೇಫ್ಟಿ ವಾಲ್ವ್ ಇರಬೇಕಾದ ತೂತಿಗೆ ಯಾರೋ ಬೋಲ್ಟ್ ಹಾಕಿ ಬಿಗಿದಿದ್ದರು.

"ಅದು ಯಾವಾಗ್ಲೂ ಬುಸ್ ಅಂತಿತ್ತು ಸರ್, ಕಿರಿಕಿರಿ. ಅದಕ್ಕೇ ಮುಚ್ಚಿಸಿದ್ವಿ. ಹತ್ತು ವರ್ಷ ಆಯ್ತು, ಏನೂ ಆಗಿಲ್ಲ."

ಹೊಸ ವಾಲ್ವ್ ಬರುವವರೆಗೆ ಹಂಡೆ ಕೊಡುವುದಿಲ್ಲ ಅಂದುಬಿಟ್ಟೆ. ಮುಂದಿನ ಗುರುವಾರ ಅವರಿಗೆ ಛತ್ರದಲ್ಲಿ ಆರುನೂರು ಜನದ ಊಟ. ದಿನಕ್ಕೆ ಎರಡು ಸಲ ಫೋನ್ ಮಾಡುತ್ತಿದ್ದಾರೆ. ಹಂಡೆ ಜಗಲಿಯಲ್ಲೇ ಇದೆ, ಬೋಲ್ಟ್ ನನ್ನ ಇಡ್ಲಿ ತಟ್ಟೆಯಲ್ಲಿದೆ.